ಮೂವರ ಕುಕ್ಕರ್, ಒಂಬತ್ತು ದೇಶಗಳ ಉಪಗ್ರಹ

ಸೋಮವಾರ, 2019ರ ಮಾರ್ಚ್ 11. ಬೆಳಿಗ್ಗೆ 5 ಗಂಟೆ 35 ನಿಮಿಷ. ಆ ದಿನದ ಪುಟ ನನ್ನ ದಿನಚರಿಯಲ್ಲಿ ಹೀಗೆ ಶುರುವಾಗುತ್ತದೆ: "ಮುಚ್ಚಳ ನನ್ನ ಬಳಿ. ಗ್ಯಾಸ್ಕೆಟ್ ಉಡುಪಿ ಅಕ್ಕನ ಬಳಿ. ವಿಷಲ್ ನರ್ಸಕ್ಕನ ಬಳಿ. ನರ್ಸಕ್ಕ ಮಲಗಿದ್ದಾರೆ. ಅನ್ನ ಇಲ್ಲ. ಬ್ರೆಡ್ ಎರಡು ತುಂಡು."

ದುಬೈಯ ಅಲ್ ಬರ್ಷಾದ ಮೆಟ್ರೋ ಸ್ಟೇಷನ್ನಿಂದ ಹನ್ನೊಂದು ನಿಮಿಷ ನಡೆದರೆ ನಮ್ಮ ಫ್ಲ್ಯಾಟು. ನಾಲ್ಕು ಸಲ ಅಳೆದಿದ್ದೇನೆ. ಸೆಪ್ಟೆಂಬರಿನ ಬಿಸಿಲಲ್ಲಿ ಮಾತ್ರ ಹದಿಮೂರು. ಅಲ್ಲಿ ಮೂವರು ಹೆಂಗಸರು ಇದ್ದೆವು. ನರ್ಸಕ್ಕ ಮಂಗಳೂರಿನ ಕೊಂಕಣಿ ಕ್ರೈಸ್ತರು, ಆಸ್ಪತ್ರೆಯಲ್ಲಿ ಪಾಳಿಯ ಕೆಲಸ. ಉಡುಪಿ ಅಕ್ಕ ತುಳು ಮಾತಾಡುವವರು, ಒಂದು ಬಟ್ಟೆ ಕಂಪನಿಯ ಆಫೀಸಿನಲ್ಲಿದ್ದರು. ಸೋಮವಾರ ಅವರಿಗೆ ಒಪ್ಪತ್ತು. ಸಂಜೆ ಬರ್ ದುಬೈಯ ದೇವಸ್ಥಾನದ ಗಲ್ಲಿಗೆ ಹೋಗಿ ಬಂದ ಮೇಲೆಯೇ ಊಟ. ಮೂರನೆಯವಳು ನಾನು, ಪುತ್ತೂರಿನವಳು, ಇಬ್ಬರಿಗಿಂತಲೂ ಚಿಕ್ಕವಳು.

ಅಕ್ಟೋಬರಿನಲ್ಲಿ ಮೂವರೂ ಸೇರಿ ಐದು ಲೀಟರಿನ ಒಂದು ಕುಕ್ಕರ್ ಕೊಂಡಿದ್ದೆವು. ಅಡುಗೆಮನೆಯಲ್ಲಿ ಎರಡೇ ಒಲೆ, ಒಂದು ಕುಕ್ಕರ್ ಸಾಕು ಎಂಬುದು ಎಲ್ಲರ ಅಭಿಪ್ರಾಯವಾಗಿತ್ತು. ಹನ್ನೆರಡನೇ ದಿನ ಉಡುಪಿ ಅಕ್ಕ ಗ್ಯಾಸ್ಕೆಟ್ ಮೂಸಿ ನೋಡಿ, "ಇದ್ರಲ್ಲಿ ಕೋಳಿ ವಾಸನೆ ಉಂಟು" ಎಂದು ಅದನ್ನು ಬಿಚ್ಚಿ ತೊಳೆದು ತಮ್ಮ ಕಪಾಟಿನಲ್ಲಿಟ್ಟರು. ಇನ್ನು ಮುಂದೆ ಕೇಳಿಯೇ ತೆಗೆದುಕೊಳ್ಳಬೇಕು ಎಂದರು. ಅದೇ ವಾರ ನರ್ಸಕ್ಕ ಡ್ಯೂಟಿ ಮುಗಿಸಿ ಬಂದಾಗ ಕುಕ್ಕರ್ ತೊಳೆಯದೆ ಬಿದ್ದಿತ್ತು. ಅವರು ವಿಷಲನ್ನು ಎತ್ತಿ ತಮ್ಮ ಡ್ರಾಯರಿಗೆ ಹಾಕಿಕೊಂಡರು. ಕೈಯಲ್ಲಿ ಏನೂ ಇಲ್ಲದವಳ ಮಾತನ್ನು ಆ ಮನೆಯಲ್ಲಿ ಯಾರೂ ಕೇಳುವುದಿಲ್ಲ ಎಂದು ನನಗೆ ಎರಡೇ ದಿನದಲ್ಲಿ ಗೊತ್ತಾಯಿತು. ಮುಚ್ಚಳ ತೆಗೆದು ನನ್ನ ಮಂಚದ ಕೆಳಗಿಟ್ಟೆ. ಒಲೆಯ ಮೇಲೆ ಉಳಿದ ಬರೀ ಪಾತ್ರೆ ಮಾತ್ರ ನಿಜಕ್ಕೂ ಎಲ್ಲರದಾಗಿತ್ತು.

ಅಂದಿನಿಂದ ಮಾರ್ಚ್ 10ರವರೆಗಿನ ನನ್ನ ಲೆಕ್ಕ ಇದು: ಕುಕ್ಕರ್ ಕೂಗಿದ್ದು ನಲವತ್ತೊಂದು ಸಲ. ಒಂದು ಭಾಗ ಸಿಗದೆ ಕೂಗದೇ ಹೋದದ್ದು ಹದಿನೇಳು ಸಲ. ಕ್ಷಮೆ ಕೇಳಿದ್ದು ಮೂರು ಸಲ, ಮೂರೂ ಸಲ ನಾನೇ.

ಈ ವಿವರ ಇಲ್ಲಿ ಯಾಕೆಂದರೆ, ಅದೇ ಸೋಮವಾರ 6.10ಕ್ಕೆ ಕಂಪನಿಯ ವ್ಯಾನ್ ಹತ್ತಿ ನಾನು ಅಬುಧಾಬಿಗೆ ಹೋದದ್ದು ಯುರೋಪಿನ ರಕ್ಷಣೆಯ ಬಗ್ಗೆ ಟಿಪ್ಪಣಿ ಬರೆದುಕೊಳ್ಳಲು.

ನಮ್ಮದು ಸಭೆ, ಸೆಮಿನಾರುಗಳನ್ನು ಏರ್ಪಡಿಸಿಕೊಡುವ ಸಣ್ಣ ಕಂಪನಿ. ನಾನು ಸೇರಿದ್ದು 2018ರ ಸೆಪ್ಟೆಂಬರ್ 16ಕ್ಕೆ; ಆರು ತಿಂಗಳ ಪ್ರೊಬೇಷನ್ ಮುಗಿಯುವುದು ಮಾರ್ಚ್ 15ಕ್ಕೆ, ಅಂದರೆ ಆ ಶುಕ್ರವಾರ. ಕೆಲಸ ಖಾಯಂ ಎಂಬ ಪತ್ರ ಬಾರದಿದ್ದರೆ ವೀಸಾ ರದ್ದು, ಒಂದು ತಿಂಗಳೊಳಗೆ ಮಂಗಳೂರಿನ ವಿಮಾನ. ಮ್ಯಾನೇಜರ್ ನಮ್ಮ ಕಡೆಯವರೇ, ಬಂಟ್ವಾಳದವರು. ವ್ಯಾನಿನಲ್ಲಿ ನನ್ನ ಪಕ್ಕ ಕೂತು ವಿಷಯವನ್ನು ನೇರವಾಗಿಯೇ ಹೇಳಿದರು.

"ನೋಡು, ನಾಳೆ ನಾಲ್ಕು ಗಂಟೆಯ ಒಳಗೆ ಒಂದು ಪುಟದ ಕಾಗದ ಆಗ್ಬೇಕು. ಒಂಬತ್ತು ದೇಶದವರ ಸಹಿ ಅದ್ರ ಮೇಲೆ ಬೀಳ್ಬೇಕು. ಬಿದ್ರೆ ಕ್ಲೈಂಟ್ ಮುಂದೆಯೂ ನಮ್ಮನ್ನೇ ಕರೀತಾರೆ. ಕರೆದ್ರೆ ನಿನಗೆ ಪತ್ರ."

"ಬೀಳದಿದ್ರೆ ಸರ್?"

"ಬೀಳದಿದ್ರೆ ನನ್ನ ಕೈಯಲ್ಲಿ ಎಂತ ಉಂಟು ಹೇಳು? ನಾನೇ ಒಂದು ಸಣ್ಣ ದೇಶ."

ಯುರೋಪಿನವರು ತಮ್ಮ ಸಭೆಗೆ ಅಬುಧಾಬಿಗೆ ಯಾಕೆ ಬಂದರು ಎಂದು ಕೇಳಿದ್ದಕ್ಕೂ ಅವರ ಬಳಿ ಉತ್ತರವಿತ್ತು. ಯುರೋಪಿನ ಯಾವ ಊರಿನಲ್ಲಿ ಕೂತರೂ ಅದು ಯಾರದೋ ಊರಾಗಿಬಿಡುತ್ತದೆ. ಆತಿಥೇಯರು ಮೇಲಾಗುತ್ತಾರೆ, ಉಳಿದವರು ಮುಖ ಊದಿಸಿಕೊಳ್ಳುತ್ತಾರೆ. ಇಲ್ಲಿ ಎಲ್ಲರೂ ವೀಸಾದ ಮೇಲೆ ಬಂದವರು. ಅದೇ ಕಾರಣಕ್ಕೆ ಅಧ್ಯಕ್ಷರೂ ಗಂಟೆಗೊಬ್ಬರು ಬದಲಾಗಬೇಕೆಂದು ಮೊದಲೇ ತೀರ್ಮಾನವಾಗಿತ್ತು. ಗಂಟೆಯಾದಾಗ ಸಣ್ಣ ಹಿತ್ತಾಳೆಯ ಗಂಟೆ ಬಾರಿಸಿ, ನೀರಿನ ಲೋಟ ಬದಲಿಸಿ, ಮುಂದಿನ ದೇಶದ ಪುಟ್ಟ ಬಾವುಟವನ್ನು ಮೇಜಿನ ನಡುವೆ ಇಡುವುದು ನನ್ನ ಕೆಲಸ.

ಸಭೆಯ ವಿಷಯ, ನನಗೆ ಅರ್ಥವಾದಷ್ಟು, ಇದು. ಸೈನ್ಯಗಳಿಗೆ ಆಕಾಶದಲ್ಲಿ ಕಣ್ಣು ಬೇಕು. ಒಂದು ದೇಶದ ಉಪಗ್ರಹ ಬೆಳಕಿದ್ದರೆ ಸೊಗಸಾದ ಫೋಟೋ ತೆಗೆಯುತ್ತದೆ, ಮೋಡ ಬಂದರೆ ಕುರುಡು. ಇನ್ನೊಂದು ದೇಶದ್ದು ರೇಡಾರ್. ಮೋಡದ ಒಳಗಿಂದಲೂ, ಕತ್ತಲಲ್ಲೂ ನೋಡುತ್ತದೆ. ಇವರು ಅವರಿಗೆ, ಅವರು ಇವರಿಗೆ ಚಿತ್ರ ಕೊಟ್ಟು ತೆಗೆದುಕೊಳ್ಳುತ್ತಾರೆ. ದಾರಿ ತೋರಿಸುವ ಉಪಗ್ರಹಗಳನ್ನು ಎಲ್ಲರೂ ಸೇರಿ ಹಾರಿಸಿದ್ದಾರೆ. ಅದರಲ್ಲಿ ಸರ್ಕಾರಗಳಿಗೆ ಮಾತ್ರ ತೆರೆಯುವ ಒಂದು ಗುಪ್ತ ಸಂಕೇತವಿದೆ. ಪ್ರಶ್ನೆ ಇಷ್ಟೇ: ಆಪತ್ತು ಬಂದ ದಿನ ಇಬ್ಬರಿಗೆ ಎರಡು ಕಡೆ ನೋಡಬೇಕಾಗಿ, ಉಪಗ್ರಹ ಒಂದೇ ಇದ್ದರೆ, ಅದು ಮೊದಲು ಯಾರ ಕಡೆ ತಿರುಗಬೇಕು? ಅದನ್ನು ಹೇಳುವವರು ಯಾರು?

ನಾನು ಮೂವರನ್ನು ಮಾತ್ರ ಗುರುತಿಟ್ಟುಕೊಂಡೆ. ಒಬ್ಬರು ಒಂದು ದೊಡ್ಡ ದೇಶದ ನಿವೃತ್ತ ಜನರಲ್. ಪ್ರತಿ ಮಾತಿಗೂ ಮೊದಲು ಕನ್ನಡಕ ತೆಗೆಯುವವರು. ಇನ್ನೊಬ್ಬರು ಸಣ್ಣ ದೇಶವೊಂದರ ಅಧಿಕಾರಿ ಹೆಂಗಸು, ಐವತ್ತರ ಆಸುಪಾಸು. ಮೂರನೆಯವರು ಯುರೋಪಿನ ಒಕ್ಕೂಟ ಬಿಟ್ಟು ಹೊರಡುತ್ತೇನೆಂದು ಹೇಳಿ ಇನ್ನೂ ಬಾಗಿಲಲ್ಲೇ ನಿಂತಿದ್ದ ದೇಶದ ಪ್ರತಿನಿಧಿ. ಆ ದೇಶ ಹೊರಟರೆ ಗುಪ್ತ ಸಂಕೇತದಲ್ಲಿ ಅದರ ಪಾಲು ಏನಾಗಬೇಕು ಎಂಬುದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿದ್ದ, ಯಾರೂ ಮೊದಲು ಎತ್ತಬಯಸದ ಮಾತು.

ಜನರಲ್ ಕನ್ನಡಕ ತೆಗೆದು ಹೇಳಿದರು: "ನನ್ನ ಗಡಿಯಲ್ಲಿ ಏನಾಗುತ್ತಿದೆ ಎಂದು ನೋಡಲು ನಾನು ಎಂಟು ಜನರ ಒಪ್ಪಿಗೆ ಕಾಯುತ್ತಾ ಕೂರಬೇಕೇ?"

"ನೀವು ಕಾಯುವುದಕ್ಕಾದರೂ ನಿಮ್ಮ ಬಳಿ ಒಂದು ಉಪಗ್ರಹವಿದೆ," ಎಂದರು ಸಣ್ಣ ದೇಶದ ಹೆಂಗಸು. "ನಾವು ಬರೀ ಕಾಯುತ್ತೇವೆ."

"ನಮ್ಮದನ್ನು ನೀವು ಯಾವಾಗ ಬೇಕಾದರೂ ಕೇಳಬಹುದು."

"ಕೇಳಿದ್ದೇವೆ. ಹೋದ ವರ್ಷ. ಉತ್ತರ ಬಂದಾಗ ಹಿಮ ಕರಗಿತ್ತು."

ಹೊರಟು ನಿಂತ ದೇಶದವರು ನಡುವೆ ಬಾಯಿ ಹಾಕಿದರು. ತಮ್ಮ ಎಂಜಿನಿಯರುಗಳು ಕಟ್ಟಿದ ಭಾಗಗಳು ಆಗಲೇ ಮೇಲೆ ಸುತ್ತುತ್ತಿವೆ, ಅವನ್ನು ಕೆಳಗಿಳಿಸಿ ತೆಗೆದುಕೊಂಡು ಹೋಗಲು ಆಗುವುದಿಲ್ಲವಲ್ಲ ಎಂದರು. ಆಗುವಂತಿದ್ದರೆ ತೆಗೆದುಕೊಂಡು ಹೋಗುತ್ತಿದ್ದರು ಎಂಬುದು ಅವರ ದನಿಯಲ್ಲಿತ್ತು.

ನನಗೆ ಸುಮ್ಮನೆ ಕೂತು ಅಭ್ಯಾಸವಿಲ್ಲ, ಗೆರೆ ಎಳೆದೆ. ಮೊದಲ ದಿನ "ನಮ್ಮೆಲ್ಲರ" ಎಂಬರ್ಥದ ಮಾತು ಅರವತ್ತಮೂರು ಸಲ. ಅದಾದ ಕೂಡಲೇ "ಆದರೆ" ಬಂದದ್ದು ನಲವತ್ತೊಂಬತ್ತು ಸಲ. ಅಧ್ಯಕ್ಷರು ಬದಲಾದದ್ದು ಏಳು ಸಲ. ಕಾಗದದ ಮೇಲೆ ಬಿದ್ದ ವಾಕ್ಯ: ಸೊನ್ನೆ.

ಸಂಜೆ ಮ್ಯಾನೇಜರ್ ಕರೆದು, ಯಾರ ಬಳಿ ಏನಿದೆ, ಯಾರು ಏನು ಕೇಳುತ್ತಾರೆ ಎಂದು ಒಂದು ಕೋಷ್ಟಕ ಮಾಡಿ ನಾಳೆ ಬೆಳಿಗ್ಗೆ ಪರದೆಯ ಮೇಲೆ ಹಾಕಲು ಹೇಳಿದರು. ವ್ಯಾನಿನಲ್ಲಿ ಬರುವಾಗಲೇ ಅದನ್ನು ಮಾಡಿ ಮುಗಿಸಿದೆ. ಎಲ್ಲ ಚೌಕಗಳೂ ತುಂಬಿದವು, ಒಂದು ಬಿಟ್ಟು: "ಮೊದಲ ಸರದಿ ಯಾರದು?"

ಮನೆಗೆ ಬಂದಾಗ ಏಳು ಗಂಟೆ. ಒಳಗೆ ಜಗಳ ನಡೆಯುತ್ತಿತ್ತು. ನರ್ಸಕ್ಕನಿಗೆ ಅಬುಧಾಬಿಯ ಬನಿಯಾಸಿನ ಒಂದು ಆಸ್ಪತ್ರೆಯಲ್ಲಿ ಹೊಸ ಕೆಲಸ ಸಿಕ್ಕಿತ್ತು. ಮಂಗಳವಾರ ಸಂಜೆಯೇ ಸಾಮಾನು ಸಮೇತ ಹೋಗುವವರಿದ್ದರು. ಉಡುಪಿ ಅಕ್ಕ ದೇವಸ್ಥಾನದಿಂದ ಬಂದ ಕುಂಕುಮ ಹಣೆಯಲ್ಲಿರುವಂತೆಯೇ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದರು.

"ಹೋಗುದಾದ್ರೆ ವಿಷಲ್ ಇಟ್ಟು ಹೋಗಿ ಮಾರಾಯ್ತಿ. ಅಲ್ಲಿ ಅದನ್ನು ಕಟ್ಟಿಕೊಂಡು ಎಂತ ಮಾಡ್ತೀರಿ?"

"ಮತ್ತೆ ನನ್ನ ಪಾಲು?"

"ನಿಮ್ಮ ಪಾಲಿನ ಕೋಳಿ ಎಲ್ಲ ಆಯ್ತಲ್ಲ ಅದ್ರಲ್ಲಿ. ಸೋಮವಾರ ಸಹ ಬಿಡ್ಲಿಲ್ಲ ನೀವು!"

"ಒಂದು ಸೋಮವಾರ! ಅದೂ ಕ್ರಿಸ್ಮಸ್ಸಿನ ಮುಂಚಿನ ದಿನ. ಬಾಯೇ, ನೀನೇ ಹೇಳು, ಬರ್ದಿಟ್ಟಿದ್ದಿ ಅಲ್ವಾ?"

ನರ್ಸಕ್ಕನ ಕೊಂಕಣಿಯಲ್ಲಿ ಬಾಯೇ ಎಂದರೆ ಹುಡುಗೀ, ಅಂದರೆ ನಾನು. ಬರೆದಿಟ್ಟಿದ್ದೆ. ಡಿಸೆಂಬರ್ 24, ಸೋಮವಾರ, ನಾಲ್ಕು ಕೂಗು. ಹೇಳಿದೆ. ಅದರಿಂದ ಇಬ್ಬರಿಗೂ ಸಮಾಧಾನವಾಗಲಿಲ್ಲ.

ಜಗಳ ನಿಲ್ಲಿಸಲು ನನಗೆ ಗೊತ್ತಿರುವ ದಾರಿ ಒಂದೇ, ಕೋಷ್ಟಕ. ಲ್ಯಾಪ್‌ಟಾಪ್ ತೆರೆದು ಆಫೀಸಿನ ಅದೇ ನಮೂನೆಯ ಮೇಲೆ ಕುಕ್ಕರಿನದ್ದನ್ನು ಮಾಡಿದೆ. ಆ ಯಂತ್ರದಲ್ಲಿ ಕನ್ನಡ ಬರುತ್ತಿರಲಿಲ್ಲ, ನರ್ಸಕ್ಕನೂ ಕನ್ನಡ ಓದುವುದು ನಿಧಾನ, ಆದ್ದರಿಂದ ಇಂಗ್ಲಿಷ್. ಹೆಸರು ಬರೆಯುವುದು ನನ್ನ ಪದ್ಧತಿಯಲ್ಲ, ದಿನಚರಿಯಲ್ಲೂ ಇಲ್ಲ. ಎ, ಬಿ, ಸಿ ಎಂದೆ. ವಸ್ತುವಿನ ಜಾಗದಲ್ಲಿ "ಪಿಸಿ-5ಎಲ್", ಅಂದರೆ ಪ್ರೆಶರ್ ಕುಕ್ಕರ್, ಐದು ಲೀಟರ್. ಬಿಡಿಭಾಗಗಳು: ಘಟಕ ಒಂದು, ಎರಡು, ಮೂರು. ಕೆಳಗೆ ಮೂರು ನಿಯಮ. ಒಂದು, ಆ ಹೊತ್ತಿಗೆ ಡ್ಯೂಟಿ ಇರುವವರಿಗೆ ಮೊದಲ ಸರದಿ. ಎರಡು, ತನ್ನ ಘಟಕವನ್ನು ಕೊಡದವರು ಯಾಕೆ ಕೊಡಲಿಲ್ಲವೆಂದು ಎಲ್ಲರಿಗೂ ಕಾಣುವಲ್ಲಿ ಬರೆದು ಹಚ್ಚಬೇಕು. ಮೂರು, ಬಿಟ್ಟು ಹೋಗುವವರು ತಮ್ಮ ಘಟಕವನ್ನೂ ಬಿಟ್ಟು ಹೋಗಬೇಕು. ಅಡಿಟಿಪ್ಪಣಿ: ಸೋಮವಾರಗಳಂದು ಬಿ ಅವರಿಗೆ ಆಕ್ಷೇಪಿಸುವ ಹಕ್ಕಿದೆ.

ಇಬ್ಬರೂ ಓದಿದರು. ಉಡುಪಿ ಅಕ್ಕ "ಸರಿ ಉಂಟು" ಎಂದರು. ನರ್ಸಕ್ಕ "ನೋಡುವಾ" ಎಂದರು. ಒಪ್ಪಿಗೆ ಎರಡು ಎಂದು ಬರೆದುಕೊಂಡು, ಕೋಷ್ಟಕವನ್ನು ಒಂದು ಹಾಳೆಗೆ ಇಳಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಮಲಗಿದೆ. ಆ ಲೆಕ್ಕ ತಪ್ಪಾಗಿತ್ತು.

ಮಂಗಳವಾರ, ಮಾರ್ಚ್ 12, ಬೆಳಿಗ್ಗೆ 9.02. ಪರದೆಗೆ ಲ್ಯಾಪ್‌ಟಾಪ್ ಜೋಡಿಸಿ ಕೋಷ್ಟಕ ತೆರೆದೆ. ಬಾವುಟ ಬದಲಿಸಲು ಮೇಜಿನ ಆ ತುದಿಗೆ ಹೋಗಿ ತಿರುಗಿ ನೋಡಿದರೆ ಗೋಡೆಯ ತುಂಬ ಪಿಸಿ-5ಎಲ್. ಒಂದೇ ನಮೂನೆ, ಒಂದರ ಪಕ್ಕ ಒಂದು ಇಟ್ಟಿದ್ದ ಕಡತಗಳು; ನಾನು ತೆರೆದದ್ದು ನಮ್ಮ ಮನೆಯದು.

ಓಡಿ ಹೋಗಿ ಮುಚ್ಚಬೇಕಿತ್ತು. ಆದರೆ ಒಂಬತ್ತು ದೇಶಗಳು ಆಗಲೇ ಓದಲು ಶುರು ಮಾಡಿದ್ದವು. ಓದುವವರ ಎದುರಿನಿಂದ ಕಾಗದ ಕಿತ್ತುಕೊಂಡರೆ ತಪ್ಪು ನನ್ನದೆಂದು ಅಲ್ಲೇ ಸಾಬೀತು, ಪತ್ರ ಅಲ್ಲಿಗೇ ಮುಗಿಯಿತು. ಬಾವುಟ ಇಟ್ಟು ಗಂಟೆ ಬಾರಿಸಿದೆ.

ಜನರಲ್ ಕನ್ನಡಕ ತೆಗೆದರು. "ಇದು ಯಾರ ಪ್ರಸ್ತಾವ?"

ಯಾರೂ ತಮ್ಮದೆನ್ನಲಿಲ್ಲ. ಅದೇ ಅದರ ಅದೃಷ್ಟ. ಯಾರದೂ ಅಲ್ಲದ ಪ್ರಸ್ತಾವ ಆ ಕೋಣೆಗೆ ಬಂದದ್ದು ಅದೇ ಮೊದಲು.

"ಮೂರು ಪಕ್ಷಗಳ ಮಾದರಿ," ಎಂದರು ಒಬ್ಬರು. "ಪ್ರತಿಯೊಬ್ಬರ ಬಳಿಯೂ ಒಂದೊಂದು ಘಟಕ. ಒಬ್ಬರು ಇಲ್ಲದಿದ್ದರೆ ಯಾರೂ ಬಳಸುವಂತಿಲ್ಲ. ಚೆನ್ನಾಗಿದೆ."

"ಚೆನ್ನಾಗಿದೆಯೇ?" ಎಂದರು ಜನರಲ್. "ಇದು ನನ್ನ ದುಃಸ್ವಪ್ನ."

"ಸೋಮವಾರ ಯಾಕೆ?" ಎಂದು ಇನ್ನೊಬ್ಬರು ಕೇಳಿದರು.

ನಾನು ನೀರಿನ ಲೋಟ ಬದಲಿಸಲು ಬಗ್ಗಿದೆ. ಆದರೆ ಉತ್ತರ ಜನರಲ್ ಅವರಿಂದಲೇ ಬಂತು. ವಾರಕ್ಕೊಮ್ಮೆ ಕಕ್ಷೆ ಸರಿಪಡಿಸುವ ಕೆಲಸವಿರಬಹುದು, ಆ ದಿನ ನೆಲದ ಕೇಂದ್ರದವರ ಮಾತು ನಡೆಯಬೇಕಾದ್ದು ನ್ಯಾಯವೇ ಎಂದರು. ಎಲ್ಲರೂ ತಲೆಯಾಡಿಸಿದರು. ಉಡುಪಿ ಅಕ್ಕನ ಒಪ್ಪತ್ತಿಗೆ ಯುರೋಪಿನ ಸಮ್ಮತಿ ಸಿಕ್ಕಿದ್ದು 9.20ಕ್ಕೆ.

ಹತ್ತೂವರೆಯ ಚಹಾದ ಹೊತ್ತಿಗೆ ಸಣ್ಣ ದೇಶದ ಹೆಂಗಸು ನನ್ನ ಬಳಿ ಬಂದರು. "ಪಿಸಿ-5ಎಲ್ ಎಂಬ ಉಪಗ್ರಹದ ಬಗ್ಗೆ ನಾನು ಕೇಳಿಲ್ಲ. ಯಾರದು?"

ಅವರ ಎದುರು ಸುಳ್ಳು ಹೇಳಲು ಆಗಲಿಲ್ಲ. "ನಮ್ಮದು, ಮೇಡಮ್. ಅನ್ನ ಬೇಯಿಸುವುದು. ಐದು ಲೀಟರ್." ಎಲ್ಲವನ್ನೂ ಹೇಳಿದೆ, ಬೇಗ ಬೇಗ, ಗ್ಯಾಸ್ಕೆಟ್ಟಿನಿಂದ ವಿಷಲಿನವರೆಗೆ.

ಅವರು ನಗಲಿಲ್ಲ. ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ತಿಂದರು. "ಮೂರನೇ ಘಟಕ ಈಗ ಎಲ್ಲಿದೆ?"

"ಇವತ್ತು ಸಂಜೆ ಹೊರಡುವವರ ಡ್ರಾಯರಿನಲ್ಲಿ."

"ಹಾಗಾದರೆ ಕೋಷ್ಟಕ ಸರಿಯಾಗಿಯೇ ಇದೆ. ತೆಗೆಯಬೇಡ." ಹೋಗುವಾಗ ತಿರುಗಿ, "ನಮ್ಮ ದೇಶದ ಪಾಲಿಗೆ ಬಂದದ್ದು ಒಲೆಯ ಮೇಲೆ ಉಳಿದ ಆ ಬರೀ ಪಾತ್ರೆ," ಎಂದರು.

ಮಧ್ಯಾಹ್ನದವರೆಗೆ ಮೊದಲ ಎರಡು ನಿಯಮಗಳ ಚರ್ಚೆ. "ಡ್ಯೂಟಿ ಇರುವವರು" ಹೋಗಿ "ಸಕ್ರಿಯ ಕಾರ್ಯಾಚರಣೆಯಲ್ಲಿರುವ ದೇಶ" ಬಂತು. "ಎಲ್ಲರಿಗೂ ಕಾಣುವಲ್ಲಿ ಬರೆದು ಹಚ್ಚಬೇಕು" ಎಂದು ನಾನು ಬರೆದದ್ದು ನಮ್ಮ ಫ್ರಿಜ್ಜಿನ ಬಾಗಿಲನ್ನು ಮನಸ್ಸಿನಲ್ಲಿಟ್ಟುಕೊಂಡು. ಅವರು ಅದನ್ನು "ಲಿಖಿತ ಕಾರಣ, ಎಲ್ಲ ಪಾಲುದಾರರಿಗೆ ಏಕಕಾಲದಲ್ಲಿ" ಎಂದು ಮಾಡಿದರು. ಜನರಲ್ ಇದಕ್ಕೆ ಒಪ್ಪಿದ್ದು ನನಗೆ ಆಶ್ಚರ್ಯ. ಇಲ್ಲ ಎನ್ನುವ ಹಕ್ಕು ತಮ್ಮ ಬಳಿ ಉಳಿಯುತ್ತದೆ, ಕಾರಣ ಬರೆಯುವುದಷ್ಟೇ ತಾನೆ, ಬರೆಯಲು ತಮ್ಮಲ್ಲಿ ಬೇಕಾದಷ್ಟು ಜನರಿದ್ದಾರೆ ಎಂದರು.

ಮೂರನೇ ನಿಯಮಕ್ಕೆ ಬಂದಾಗ ಹೊರಟು ನಿಂತ ದೇಶದವರು ಪೆನ್ನು ಕೆಳಗಿಟ್ಟರು.

"ಇದು ನಮ್ಮನ್ನೇ ಗುರಿಯಿಟ್ಟು ಬರೆದದ್ದು."

ಅಲ್ಲ, ನರ್ಸಕ್ಕನನ್ನು, ಎಂದು ಹೇಳುವ ಹಾಗಿರಲಿಲ್ಲ.

3.40ರವರೆಗೆ ಎಂಟು ಸಹಿ. ಮ್ಯಾನೇಜರ್ ಬಾಗಿಲ ಬಳಿ ನಿಂತು ಗಡಿಯಾರ ನೋಡುತ್ತಿದ್ದರು. ನಾನು ಅವರ ಮುಖ ನೋಡುತ್ತಿದ್ದೆ. 3.55ಕ್ಕೆ ಒಂಬತ್ತನೆಯವರು ಸಹಿ ಹಾಕಿದರು. ಹಾಕಿ, ಅದರ ಕೆಳಗೆ ಏಳು ಸಾಲಿನ ಟಿಪ್ಪಣಿ ಬರೆದರು. ಸಹಿ ಹಾಕಿದ್ದೇವೆ, ಮೂರನೇ ನಿಯಮ ನಮಗೆ ಅನ್ವಯಿಸುವುದಿಲ್ಲ ಎಂಬುದು ಅದರ ಸಾರ.

ವ್ಯಾನಿನಲ್ಲಿ ಕೇಳಿದೆ: "ಸರ್, ಅದು ಒಂಬತ್ತಾ, ಎಂಟಾ?"

"ನಾನೂ ಅದನ್ನೇ ಯೋಚ್ನೆ ಮಾಡ್ತಾ ಇದ್ದೇನೆ," ಎಂದರು. "ಗುರುವಾರ ಹೇಳ್ತೇನೆ."

ಮನೆಯಲ್ಲಿ ನರ್ಸಕ್ಕನ ಕೋಣೆ ಖಾಲಿ. ಡ್ರಾಯರ್ ಖಾಲಿ. ಫ್ರಿಜ್ಜಿನ ಬಾಗಿಲಿನ ಕೋಷ್ಟಕದ ಮೇಲೆ, ಮೂರನೇ ನಿಯಮದ ಪಕ್ಕ, ಔಷಧ ಚೀಟಿಯ ಅಕ್ಷರದಲ್ಲಿ "ಸಾರಿ ಬಾಯೇ" ಎಂದಿತ್ತು. ಎರಡನೇ ನಿಯಮದಂತೆ ಎಲ್ಲರಿಗೂ ಕಾಣುವಲ್ಲಿಯೇ ಬರೆದಿದ್ದರು. ಕಾರಣ ಮಾತ್ರ ಇರಲಿಲ್ಲ. ಫೋನ್ ಮಾಡಿದೆ.

"ವಿಷಲ್ ತಕೊಂಡು ಹೋದ್ರಾ ಅಕ್ಕ?"

"ಹೌದು ಬಾಯೇ. ನಿನ್ನ ಹತ್ರ ಮುಚ್ಚಳ ಉಂಟು, ಅವ್ರ ಹತ್ರ ಗ್ಯಾಸ್ಕೆಟ್ ಉಂಟು. ನಾನು ಬರಿಗೈಯಲ್ಲಿ ಹೋಗುದಾ?"

"ಅಲ್ಲಿ ಅದ್ರಿಂದ ಎಂತ ಉಪಯೋಗ?"

"ಮಾಫಿ," ಎಂದರು ಇಲ್ಲಿಯ ಅರಬಿಯಲ್ಲಿ. "ಎಂತದೂ ಇಲ್ಲ. ಇಲ್ಲಿ ಮೆಸ್ಸಿನ ಊಟ. ಆದ್ರೂ ನನ್ನ ಹತ್ರ ಇರ್ಲಿ. ಇಲ್ಲದಿದ್ರೆ ನೀವಿಬ್ರು ನಾಳೆಗೇ ನನ್ನನ್ನು ಮರೆತು ಬಿಡ್ತೀರಿ."

ಆ ಕೊನೆಯ ಮಾತನ್ನು ನಾನು ಅಂದು ದಿನಚರಿಯಲ್ಲಿ ಬರೆಯಲಿಲ್ಲ. ಯಾವ ಕಂಬಸಾಲಿಗೆ ಸೇರಿಸಬೇಕೆಂದು ತಿಳಿಯಲಿಲ್ಲ.

ಉಡುಪಿ ಅಕ್ಕನಿಗೆ ಹೇಳಿದಾಗ ಅವರು ಕಪಾಟಿನಿಂದ ಗ್ಯಾಸ್ಕೆಟ್ ತೆಗೆದು ಪಾತ್ರೆಯೊಳಗೆ ಎಸೆದರು. "ಖಲಾಸ್! ಇನ್ನು ಈ ಒಟ್ಟಿನ ವ್ಯವಹಾರ ಬೇಡ ಮಾರಾಯ್ತಿ. ಒಂದು ಸಣ್ಣದು, ನನ್ನದೇ."

ಗುರುವಾರ, ಮಾರ್ಚ್ 14, ಮಧ್ಯಾಹ್ನ 3.10. ಮ್ಯಾನೇಜರ್ ಕರೆದರು. ಮೇಜಿನ ಮೇಲೆ ಕ್ಲೈಂಟಿನ ಪತ್ರವಿತ್ತು. ಒಂಬತ್ತು ದೇಶಗಳೂ ಸಭೆ ಬಹಳ ಫಲಪ್ರದವಾಯಿತೆಂದು ತಿಳಿಸಿವೆಯಂತೆ. ಮೂರನೇ ನಿಯಮ ಆಗಲೇ ಮೇಲಿರುವ ಉಪಗ್ರಹಗಳಿಗೂ ಅನ್ವಯಿಸುತ್ತದೆಯೇ, ಇನ್ನು ಹಾರಿಸುವವಕ್ಕೆ ಮಾತ್ರವೇ ಎಂಬುದರ ಬಗ್ಗೆ ಒಂಬತ್ತು ಅಭಿಪ್ರಾಯಗಳಿರುವುದರಿಂದ ಇನ್ನೊಂದು ಸಭೆ ಬೇಕು. ಬಹುಶಃ ಎರಡು.

"ಎಲ್ಲರೂ ಸರಿಯಾಗಿ ಒಪ್ಪಿದ್ರೆ ಒಂದೇ ಸಭೆಗೆ ಮುಗೀತಿತ್ತು," ಎಂದರು. "ಆಗ ನಿನ್ನನ್ನು ಇಟ್ಕೊಂಡು ನಾನು ಎಂತ ಮಾಡುದು? ತಕೋ."

ಪತ್ರ ನನ್ನ ಕೈಗೆ ಬಂತು. ಕೆಲಸ ಖಾಯಂ. ಕೆಳಗೆ ಒಂದು ಟಿಪ್ಪಣಿ: ಪರದೆಯ ಮೇಲೆ ಹಾಕುವ ಮುನ್ನ ಕಡತವನ್ನು ಮ್ಯಾನೇಜರಿಗೆ ತೋರಿಸತಕ್ಕದ್ದು. ಅವರಿಗೆ ಯಾರು ಹೇಳಿದರೋ ಗೊತ್ತಿಲ್ಲ.

ಮರುದಿನ ಶುಕ್ರವಾರ ಉಡುಪಿ ಅಕ್ಕನ ಜೊತೆ ಬರ್ ದುಬೈಗೆ ಹೋದೆ. ಅಂಗಡಿಯಲ್ಲಿ ಬಿಡಿ ವಿಷಲ್ ಸಿಗುತ್ತಿತ್ತು. ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ಹನ್ನೊಂದು ಇದ್ದವು. ಅದೊಂದನ್ನು ತಂದರೆ ಐದು ಲೀಟರಿನದು ಮೊದಲಿನಂತೆ ಕೂಗುತ್ತಿತ್ತು. ನಾವಿಬ್ಬರೂ ಅದನ್ನು ನೋಡಿದೆವು. ಎರಡೆರಡು ಲೀಟರಿನ ಎರಡು ಕುಕ್ಕರ್ ಹಿಡಿದುಕೊಂಡು ಮೆಟ್ರೋ ಹತ್ತಿದೆವು. ಅಂದಿನಿಂದ ಆ ಅಡುಗೆಮನೆಯಲ್ಲಿ ಒಲೆ ಎರಡು, ಕುಕ್ಕರ್ ಮೂರು. ಅದರಲ್ಲಿ ದೊಡ್ಡದು ಅಕ್ಕಿ ತುಂಬಿಡಲು. ನನ್ನದು ಯಾರ ಅಪ್ಪಣೆಯೂ ಇಲ್ಲದೆ ಕೂಗುತ್ತದೆ. ಒಬ್ಬಳಿಗೆ ಎಷ್ಟು ಬೇಯಿಸಿದರೂ ಉಳಿಯುತ್ತದೆ. ಏಪ್ರಿಲ್ ತಿಂಗಳಲ್ಲಿ ಚೆಲ್ಲಿದ ಅನ್ನ: ಹದಿಮೂರು ದಿನ.

ಮುಂದಿನ ಸಭೆಗಳಿಗೆ ಸಣ್ಣ ದೇಶದ ಆ ಹೆಂಗಸು ಬರಲಿಲ್ಲ. ಅವರ ಜಾಗದಲ್ಲಿ ಬಂದವರಿಗೆ ಪಿಸಿ-5ಎಲ್ ಎಂದರೇನೆಂದು ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ಆ ಕಾಗದ ಆಮೇಲೆ ಯಾವ ಕಪಾಟು ಸೇರಿತು, ಮೂರನೇ ನಿಯಮವನ್ನು ಯಾರಾದರೂ ಒಂದು ಸಲವಾದರೂ ಪಾಲಿಸಿದರೇ, ನನ್ನ ಪುಟಗಳಲ್ಲಿ ಇಲ್ಲ. ಆ ಎರಡು ದಿನ ಊಟ ಬಡಿಸಿದವರಲ್ಲಿ ಇಬ್ಬರು ಕುಂದಾಪುರದ ಕನ್ನಡ ಮಾತಾಡುತ್ತಿದ್ದರು. ಸಹಿಯಾಗಿ ನಾವು ಹೊರಟ ಮೇಲೆ ಒಳಗೆ ನಡೆದ ಮಾತು ಅವರ ಕಿವಿಗೆ ಬಿದ್ದಿರಬಹುದು. ಅವರಾಗಲಿ, ಈ ವಿಷಯ ಬಲ್ಲ ಬೇರೆ ಯಾರೇ ಆಗಲಿ ಇದನ್ನು ಓದಿದರೆ ದಯವಿಟ್ಟು ಬರೆಯಿರಿ. ದಿನಾಂಕ, ಸಮಯ ಹಾಕಿ ಬರೆದರೆ ಉಪಕಾರ. ಬನಿಯಾಸಿನ ಕಡೆ ಇರುವವರು ನರ್ಸಕ್ಕನನ್ನು ಕಂಡರೆ ವಿಷಲ್ ಇನ್ನೂ ಅವರ ಬಳಿ ಇದೆಯೇ ಎಂದಷ್ಟೇ ಕೇಳಿ ತಿಳಿಸಿ. ವಾಪಸು ಕೇಳಬೇಡಿ.